ಓಟ ಒಂದ ನೋಡಿದ್ರ ಸಾಲೂದಿಲ್ಲ

ಹಾಯಿದೋಣಿ ಅಂದ್ರ ಓಟ ನೋಡಬೇಕು ಅಂತಾರ. ನಾ ಒಪ್ಪೂದಿಲ್ಲ ಅಕ್ಕಾರ. ಪಂದ್ಯದ 60 ಅಡಿ ದೋಣಿ ಎಲ್ಲೂ ನಿಂದ್ರದ 65 ದಿನದೊಳಗ ಜಗತ್ತು ಸುತ್ತಿ ಬಂದದ. ಗೋವಾದಾಗ ಕಟ್ಟಿದ 56 ಅಡಿ ‘ತಾರಿಣಿ’ಗೆ, ಬಂದರದಾಗ ನಿಂತದ್ದೂ ಸೇರಿ, 254 ದಿನ ಹಿಡೀತು. ನಿಧಾನ ಖರೆ. ಆದ್ರ 2017-18ರಾಗ ನೌಕಾಪಡೆಯ ಆರು ಹೆಣ್ಮಕ್ಕಳು ಅದರಾಗ ಅಡಿಗಿ ಮಾಡ್ಕೊಂಡು, ಪಾಳಿ ಮ್ಯಾಲೆ ಮಲಗಿ ಸಮುದ್ರ ದಾಟ್ಯಾರ. ಅಲೆ ಹೊಡದು ವಾಲಿದ್ರೂ ತಳದಾಗಿನ ಭಾರ ಮತ್ತ ನೆಟ್ಟಗ ನಿಂದ್ರಸತದ. ಕಡೀಕ ಚುಕ್ಕಾಣಿ ಕೆಟ್ಟು ಮಾರಿಷಸ್‌ದಾಗ ರಿಪೇರಿಗೆ ನಿಲ್ಲಬೇಕಾತು. ಆ ಕೊರತಿ ಮುಚ್ಚಬಾರದು. ಆದ್ರೂ ತಿಂಗಳಗಟ್ಟಲೆ ಮಂದಿ ಬಾಳೂ ದೋಣಿಗೆ ನಾ ಮೊದಲ ಕೇಳೂದು ಇದ: ಎಲ್ಲಾರ್ನೂ ಹೊಳ್ಳಿ ಮನಿ ಮುಟ್ಟಿಸ್ತೇನು? ತಾರಿಣಿ ಮುಟ್ಟಿಸ್ತು.