ರಕ್ತ ಪರೀಕ್ಷೆಯಲ್ಲಿ ಕ್ಯಾನ್ಸರ್ ಪತ್ತೆ: ಎಷ್ಟು ನಂಬಬೇಕು?

‘ಪೂರ್ಣ ದೇಹ ತಪಾಸಣೆ’ಯ ಪಟ್ಟಿಯಲ್ಲಿ ಈಗ ಸಕ್ಕರೆ, ಕೊಲೆಸ್ಟರಾಲ್‌ಗಳ ಜೊತೆಗೆ ಕ್ಯಾನ್ಸರ್ ಪರೀಕ್ಷೆಗಳೂ ಸೇರಿಕೊಂಡಿವೆ. ಮಕ್ಕಳು ತಂದೆ ತಾಯಿಗೆ ಈ ಪ್ಯಾಕೇಜನ್ನು ಉಡುಗೊರೆಯಾಗಿ ಕೊಡುವುದೂ ಉಂಟು. ಯಾವ ತೊಂದರೆಯೂ ಇಲ್ಲದವರು ಇದನ್ನು ಮಾಡಿಸಬೇಕೆ? ಬೇಡ ಎಂಬುದೇ ನನ್ನ ಅಭಿಪ್ರಾಯ.

ಸಿಎ-125 ಪರೀಕ್ಷೆಯನ್ನೇ ನೋಡಿ. ಇದು ಅಂಡಾಶಯದ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಏರುವ ಪ್ರೋಟೀನು. ಸಾಮಾನ್ಯವಾಗಿ 35 ಯೂನಿಟ್‌ಗಿಂತ ಕಡಿಮೆ ಇರುತ್ತದೆ. ಆದರೆ ಮುಟ್ಟಿನ ದಿನಗಳಲ್ಲಿ, ಬಸಿರಿನಲ್ಲಿ, ನಮ್ಮಲ್ಲಿ ಅಪರೂಪವಲ್ಲದ ಹೊಟ್ಟೆಯ ಕ್ಷಯದಲ್ಲಿಯೂ ಅದು ಏರುತ್ತದೆ. ವರದಿಯಲ್ಲಿ 60 ಎಂದು ದಪ್ಪಕ್ಷರದಲ್ಲಿ ಕಂಡರೆ ಸಾಕು, ಆ ಮನೆಯಲ್ಲಿ ಯಾರಿಗೂ ಅನ್ನ ಸೇರುವುದಿಲ್ಲ. ಇತ್ತ, ಅಂಡಾಶಯದ ಕ್ಯಾನ್ಸರಿನ ಮೊದಲ ಹಂತದಲ್ಲಿರುವ ಸುಮಾರು ಅರ್ಧದಷ್ಟು ಮಹಿಳೆಯರಲ್ಲಿ ಅದು ಏರುವುದೇ ಇಲ್ಲ!

ಬ್ರಿಟನ್ನಿನಲ್ಲಿ 2001ರಲ್ಲಿ ಆರಂಭವಾದ ಅಧ್ಯಯನದಲ್ಲಿ ಮುಟ್ಟು ನಿಂತ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರಿದ್ದರು. ಒಂದು ಗುಂಪಿಗೆ ಪ್ರತಿ ವರ್ಷ ಈ ಪರೀಕ್ಷೆ ನಡೆಯಿತು. ಆ ಗುಂಪಿನಲ್ಲಿ ಹೆಚ್ಚು ಮಂದಿಗೆ ರೋಗ ಬೇಗ ಪತ್ತೆಯಾಯಿತು. ಆದರೆ 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸಾವು ಕಡಿಮೆಯಾಗಲಿಲ್ಲ.

ಗಡ್ಡೆಯಿಂದ ರಕ್ತಕ್ಕೆ ಸೇರುವ ಡಿಎನ್‌ಎ ಚೂರುಗಳನ್ನು ಹುಡುಕುವ ಹೊಸ ಪರೀಕ್ಷೆಗಳೂ ಬರುತ್ತಿವೆ. ದೊಡ್ಡ ಕರುಳಿನ ಕ್ಯಾನ್ಸರಿಗಾಗಿ ‘ಶೀಲ್ಡ್’ ಎಂಬ ಪರೀಕ್ಷೆಗೆ 2024ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಕ್ಯಾನ್ಸರ್ ಇದ್ದವರಲ್ಲಿ ಅದು ಗುರುತಿಸಿದ್ದು ಶೇಕಡಾ 83 ಮಂದಿಯನ್ನು. ಮುಂದೆ ಕ್ಯಾನ್ಸರ್ ಆಗಬಲ್ಲ ಗಂಟುಗಳ ವಿಷಯದಲ್ಲಿ ಶೇಕಡಾ 13 ಮಾತ್ರ. ಗಡ್ಡೆ ಚಿಕ್ಕದಿದ್ದಷ್ಟೂ ರಕ್ತಕ್ಕೆ ಸೇರುವ ಚೂರುಗಳು ಕಡಿಮೆ. ವಿಜ್ಞಾನಿಗಳನ್ನು ಕಾಡುತ್ತಿರುವುದೂ ಇದೇ. ಸಂಶೋಧನೆ ಖಂಡಿತ ನಡೆಯಲಿ. ಅದು ಮುಗಿಯುವ ಮೊದಲೇ ನೀವೇಕೆ ಹಣ ಸುರಿಯಬೇಕು?

ಕಡಿಮೆ ಖರ್ಚಿನ ದಾರಿ ನಮ್ಮ ದೇಶದಲ್ಲಿಯೇ ಇದೆ. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಮಹಿಳೆಯರ ಅಧ್ಯಯನ ನಡೆಸಿದರು. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತೆಯರು ಗರ್ಭಕೋಶದ ಬಾಯಿಗೆ ವಿನಿಗರ್‌ನಂಥ ದ್ರಾವಣ ಹಚ್ಚಿ ಕಣ್ಣಿನಿಂದಲೇ ಪರೀಕ್ಷಿಸಿದರು. ಆ ಕ್ಯಾನ್ಸರಿನ ಸಾವು ಶೇಕಡಾ 31ರಷ್ಟು ಇಳಿಯಿತೆಂದು 2013ರಲ್ಲಿ ವರದಿಯಾಯಿತು. ಬಾಯಿ, ಸ್ತನ, ಗರ್ಭಕೋಶದ ಬಾಯಿ—ಈ ಮೂರು ಕ್ಯಾನ್ಸರುಗಳ ತಪಾಸಣೆ 30 ದಾಟಿದವರಿಗೆ ಸರ್ಕಾರದ ಕಾರ್ಯಕ್ರಮದಲ್ಲಿಯೇ ಇದೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಿಗೆ ವೈದ್ಯರು ಸಿಎ-125 ಬರೆದುಕೊಟ್ಟಿದ್ದರೆ ತಪ್ಪದೆ ಮಾಡಿಸಿ. ಅದರ ನಿಜವಾದ ಉಪಯೋಗ ಅಲ್ಲಿದೆ. ಉಳಿದವರು, ಎರಡು ವಾರವಾದರೂ ಮಾಯದ ಬಾಯಿ ಹುಣ್ಣು, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ, ರಕ್ತದ ವರದಿ ಸರಿಯಾಗಿದೆಯೆಂದು ಮನೆಯಲ್ಲಿ ಕೂರದೆ ವೈದ್ಯರನ್ನು ಕಾಣಿ.