ನಡುವಿನ ಜೊಳ್ಳು

ಆಷಾಢದ ಗಾಳಿಯ ಹೊತ್ತಿಗೆ ಬೇಗೂರು ದಾಟಿ ಗುಂಡ್ಲುಪೇಟೆ ಕಡೆ ಹೊರಟರೆ ಹೆದ್ದಾರಿಯ ಬದಿಗೆಲ್ಲ ಸೂರ್ಯಕಾಂತಿ. ಕೇರಳದ ಕಾರುಗಳು ಸಾಲುಗಟ್ಟಿ ನಿಂತಿರುತ್ತವೆ. ಹೊಲಕ್ಕಿಳಿದು ಫೋಟೊ ತೆಗೆಸಿಕೊಳ್ಳುವವರಿಂದ ತಲೆಗಿಷ್ಟೆಂದು ಕಾಸು ಪಡೆಯುವುದೂ ಉಂಟು. ರೈತನಿಗೆ ನಾಲ್ಕು ಕಾಸು ಸಿಕ್ಕರೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಆ ಹಳದಿಯನ್ನು ಕಿಟಕಿಯಿಂದಲೇ ಕಂಡವರು ‘ಎಣ್ಣೆಕಾಳಿಗೆ ನಮ್ಮ ಸೀಮೆಯಲ್ಲಿ ಏನು ಕಮ್ಮಿ’ ಎಂದು ನೆಮ್ಮದಿಯಾಗಿ ಮುಂದೆ ಹೋಗುತ್ತಾರಲ್ಲ, ನಮ್ಮ ಕಳವಳ ಇರುವುದು ಆ ನೆಮ್ಮದಿಯ ಬಗ್ಗೆ.

ಕಟಾವಿಗೆ ಬಂದ ಒಂದು ತೆನೆಯನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿ ನೋಡಬೇಕು. ಅಂಚಿನ ಕಾಳು ಗಟ್ಟಿ. ನಡುವಿಗೆ ಬಂದಂತೆ ಜೊಳ್ಳು, ಬರೀ ಜೊಳ್ಳು. ಹೂ ಬಿಡುವಾಗ ತೇವ ಸಾಲದ್ದು, ಮಣ್ಣಿನಲ್ಲಿ ಬೋರಾನ್ ಇಲ್ಲದ್ದು, ಜೇನುನೊಣ ಬಾರದ್ದು, ಹೀಗೆ ಕಾರಣ ಹಲವು. ಕೊನೆಯದನ್ನು ಮಾತ್ರ ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಇದೇ ಸೀಮೆಯ ರಾಗಿ ಹೊಲಗಳಲ್ಲಿ ಹಿಂದೆ ಅಕ್ಕಡಿ ಸಾಲು ಇರುತ್ತಿತ್ತು. ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ, ಮಡಿಲಲ್ಲಿ ಬೀಜ ತುಂಬಿಕೊಂಡ ಹೆಂಗಸು ಅವರೆ, ಜೋಳ, ಹುಚ್ಚೆಳ್ಳು, ಸಾಸಿವೆ, ಹರಳು ಬಿಡುತ್ತಾ ನಡೆಯುತ್ತಿದ್ದಳು. ಹುಚ್ಚೆಳ್ಳು, ಸಾಸಿವೆ ಹೂವಿಗೆ ಜೇನು ಮುತ್ತುತ್ತಿತ್ತು. ಒಗ್ಗರಣೆಗೆ ಸಾಸಿವೆ, ಗಾಣಕ್ಕೆ ಹುಚ್ಚೆಳ್ಳು, ದನಕ್ಕೆ ಹಿಂಡಿ, ದೀಪಕ್ಕೆ ಹರಳೆಣ್ಣೆ ಎಲ್ಲವೂ ಆ ಒಂದು ಸಾಲಿನಿಂದಲೇ. ಸರ್ಕಾರಿ ಲೆಕ್ಕದಲ್ಲಿ ಅದು ಎಂದೂ ದೊಡ್ಡ ಬೆಳೆಯಾಗಿರಲಿಲ್ಲ. ಹಾಗಾಗಿ ಹೋದದ್ದೂ ಯಾರಿಗೂ ತಿಳಿಯಲಿಲ್ಲ. ಸಾವಿಲ್ಲದ ಮನೆಯ ಸಾಸಿವೆ ತಾ ಎಂದ ಕತೆ ಎಲ್ಲರಿಗೂ ಗೊತ್ತು. ಈಗ ಅಷ್ಟು ಕಠಿಣ ಷರತ್ತೇ ಬೇಡ, ನಿಮ್ಮ ಹೊಲದಲ್ಲೇ ಬೆಳೆದ ಸಾಸಿವೆ ಒಂದು ಹಿಡಿ ತನ್ನಿ ಎಂದರೆ ಸಾಕು, ಊರೆಲ್ಲ ಸುತ್ತಬೇಕಾದೀತು.

ಸಾಸಿವೆಗೇನು ಬರ ಎಂದು ದೆಹಲಿ ಕೇಳೀತು. 2019-20ರಲ್ಲಿ 91 ಲಕ್ಷ ಟನ್ ಇದ್ದ ದೇಶದ ಸಾಸಿವೆ ಫಸಲು 2023-24ಕ್ಕೆ 132 ಲಕ್ಷ ಟನ್ ತಲುಪಿತು. ಅದರಲ್ಲಿ ಹೆಚ್ಚೂಕಮ್ಮಿ ಅರ್ಧ ರಾಜಸ್ಥಾನದ್ದು. ಸಂತೋಷವೇ. ಆದರೂ ದೇಶ ತನ್ನ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಡಗಿನಲ್ಲೇ ತರಿಸಿಕೊಳ್ಳುತ್ತಿದೆ. ಉತ್ತರದ ಸಾಸಿವೆ ಏರಿದ ಸಂಭ್ರಮದಲ್ಲಿ ದಕ್ಷಿಣದ ಸೂರ್ಯಕಾಂತಿ ಇಳಿದದ್ದು ಮರೆಯಾಯಿತು. 1990ರ ದಶಕದ ಮೊದಲಲ್ಲಿ ದೇಶದಲ್ಲಿ 25 ಲಕ್ಷ ಹೆಕ್ಟೇರಿಗೂ ಮೀರಿ ಹಬ್ಬಿದ್ದ ಬೆಳೆ ಅದು. ಈಗ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸಿಗೆ ಬಂದಿದೆ. ಉಳಿದದ್ದರಲ್ಲಿ ದೊಡ್ಡ ಪಾಲು ಕರ್ನಾಟಕದ್ದೇ. ಅಂದರೆ ನಮ್ಮ ಹೊಲ ಬಿಟ್ಟರೆ ಆ ಬೆಳೆಗೆ ಬೇರೆ ದೊಡ್ಡ ನೆಲೆಯಿಲ್ಲ.

ಸಂಭ್ರಮದಲ್ಲಿ ಹೀಗೆ ಮೈಮರೆಯುವುದನ್ನು ನಾವು ಹಿಂದೆಯೂ ಒಮ್ಮೆ ಕಂಡಿದ್ದೇವೆ. 1986ರಲ್ಲಿ ಎಣ್ಣೆಕಾಳು ಮಿಷನ್ ಬಂತು. ಕೆಲವೇ ವರ್ಷಗಳಲ್ಲಿ ದೇಶ ಎಣ್ಣೆಯಲ್ಲಿ ಬಹುಪಾಲು ತನ್ನ ಕಾಲ ಮೇಲೆ ನಿಂತಿತು. ಗೆದ್ದೆವು ಎಂದುಕೊಂಡೆವು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು. 1997ರಲ್ಲಿ ಸೂರ್ಯಕಾಂತಿಯ ನೆಕ್ರೋಸಿಸ್ ನಂಜುರೋಗ ನಮ್ಮ ರಾಜ್ಯದಲ್ಲೇ ಮೊದಲು ಕಾಣಿಸಿತು. ಆ ನಂಜು ಬದುವಿನ ಕಾಂಗ್ರೆಸ್ ಗಿಡದಲ್ಲಿ ಯಾವ ಲಕ್ಷಣವನ್ನೂ ತೋರದೆ ಅಡಗಿದ್ದು, ಥ್ರಿಪ್ಸ್ ನುಸಿಯ ಜೊತೆ ಹೊಲಕ್ಕೆ ಇಳಿಯುತ್ತದೆ. ಬದುವಿನ ಕಳೆ ತಾನೇ ಎಂದು ಬಿಟ್ಟವರ ಕಣ್ಣೆದುರೇ ಗಿಡ ಸುಟ್ಟಂತೆ ಒಣಗಿತು. ಕಳೆ ಈಗಲೂ ಬದುವಿನಲ್ಲೇ ಇದೆ.

2022ರ ಫೆಬ್ರುವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಹತ್ತಿತು, ಚಾಮರಾಜನಗರದ ಕಿರಾಣಿ ಅಂಗಡಿಯಲ್ಲಿ ಎಣ್ಣೆ ಪ್ಯಾಕೆಟ್ಟಿನ ಬೆಲೆ ಏರಿತು. ಆಗ ಎಲ್ಲರೂ ಸ್ವಾವಲಂಬನೆಯ ಮಾತಾಡಿದರು. ಬೆಲೆ ಇಳಿದದ್ದೇ ತಡ, ಮಾತೂ ಇಳಿಯಿತು. ಊರು ಕೊಳ್ಳೆ ಹೋದ ಮೇಲಾದರೂ ಕೋಟೆ ಬಾಗಿಲು ಹಾಕುವ ಗಾದೆಯವರು ನಮಗಿಂತ ಮೇಲು.

2025ರ ಮೇ 28ರಂದು ಸೂರ್ಯಕಾಂತಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,280ರಿಂದ 7,721 ರೂಪಾಯಿಗೆ ಏರಿತು. ಎರಡೇ ದಿನಕ್ಕೆ, ಕಚ್ಚಾ ಅಡುಗೆ ಎಣ್ಣೆಯ ಮೂಲ ಆಮದು ಸುಂಕ ಶೇ 20ರಿಂದ 10ಕ್ಕೆ ಇಳಿಯಿತು. ಗುಂಡ್ಲುಪೇಟೆಯಲ್ಲಿ ಆಗ ಪೈರು ನೆಲದ ಮೇಲಿತ್ತು. ಪೇಟೆಯ ಬೆಲೆ ಬೆಂಬಲ ಬೆಲೆಗಿಂತ ಕೆಳಗಿದ್ದು, ಖರೀದಿ ಕೇಂದ್ರ ಕಟಾವಿನ ನಂತರ ತೆರೆದರೆ, ಸಾಲ ತೀರಿಸಬೇಕಾದವನು ಕಾಯುತ್ತಾನೆಯೇ?

ಅವನು ಗೊಣಗುವುದಿಲ್ಲ. ಮುಂದಿನ ವರ್ಷ ಭರಣಿ ಮಳೆಗೆ ಬೀಜದಂಗಡಿಯಲ್ಲಿ ಬೇರೆ ಚೀಲ ಎತ್ತಿಕೊಳ್ಳುತ್ತಾನೆ. ಕೊಳವೆಬಾವಿ ಇದ್ದರೆ ಬಾಳೆ, ಅರಿಸಿನ. ಇಲ್ಲದಿದ್ದರೆ ಕಂಪನಿ ಒಪ್ಪಂದದ ಚೆಂಡುಹೂ.

ಖರೀದಿ ಕೇಂದ್ರ ಎಲ್ಲಿ, ಯಾವ ದಿನ ಎಂಬುದನ್ನು ಬಿತ್ತನೆಗೆ ಮೊದಲೇ ಹೇಳಬೇಕು. ಬೆಳೆ ನಿಂತಿರುವಾಗ ಸುಂಕ ಮುಟ್ಟಬಾರದು. ಸಬ್ಸಿಡಿ ಬೀಜದ ಪಟ್ಟಿಯಲ್ಲಿ ಹುಚ್ಚೆಳ್ಳಿಗೂ ಸಾಸಿವೆಗೂ ಒಂದು ಸಾಲು ಜಾಗ ಬೇಕು.

ಇಲ್ಲವಾದರೆ ಒಳಗಿನ ಹೊಲಗಳು ಮೊದಲು ಬದಲಾಗುತ್ತವೆ, ರಸ್ತೆಗೆ ಅದು ಕಾಣುವುದಿಲ್ಲ. ಹೆದ್ದಾರಿ ಬದಿಯ ಎರಡು ಹೊಲ ಆಗಲೂ ಹಳದಿಯಾಗಿಯೇ ಇರುತ್ತವೆ. ಫೋಟೊಗೆ ಅಷ್ಟು ಸಾಕು.