ಕೇಡಿಗೆ ಕ್ಷಮೆ, ಪ್ರಶ್ನಿಸಿದವಳಿಗೆ ಶಾಪ

ಅಮೆರಿಕದ 'ಬ್ರೇಕಿಂಗ್ ಬ್ಯಾಡ್' (2008–2013) ಧಾರಾವಾಹಿಯ ನಾಯಕ ವಾಲ್ಟರ್ ವೈಟ್ ರಸಾಯನಶಾಸ್ತ್ರದ ಶಿಕ್ಷಕ. ಕ್ಯಾನ್ಸರ್ ಪೀಡಿತನಾದ ಬಳಿಕ ಆತ ಮಾದಕ ದ್ರವ್ಯ ತಯಾರಿಸುತ್ತಾನೆ, ಕೊಲ್ಲುತ್ತಾನೆ, ಬಾಲಕನೊಬ್ಬನಿಗೆ ವಿಷವನ್ನೂ ಉಣಿಸುತ್ತಾನೆ. ಆದರೂ ಅವನನ್ನು ಮೆಚ್ಚಿದ ಬಹಳಷ್ಟು ಮಂದಿಗೆ ಆತ ಸಂಸಾರಕ್ಕಾಗಿ ಸವೆದ ತ್ಯಾಗಜೀವಿ; ಅವನನ್ನು ಪ್ರಶ್ನಿಸಿದ ಪತ್ನಿ ಸ್ಕೈಲರ್ ಪೀಡೆ! ಈ ದ್ವೇಷ ಪಾತ್ರವನ್ನು ದಾಟಿ ತನ್ನತ್ತಲೂ ಹರಿಯಿತೆಂದು ನಟಿ ಆನಾ ಗನ್ 2013ರಲ್ಲಿ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬರೆದರು. ವಿಪರ್ಯಾಸವೆಂದರೆ, ಎಲ್ಲವನ್ನೂ ತನಗಾಗಿಯೇ ಮಾಡಿದೆನೆಂದು ಕೊನೆಯ ಕಂತಿನಲ್ಲಿ ವಾಲ್ಟರನೇ ಒಪ್ಪಿಕೊಳ್ಳುತ್ತಾನೆ. ಅಪರಾಧಿ ತಪ್ಪೊಪ್ಪಿಕೊಂಡರೂ ಅವನ ವಕೀಲರು ವಾದ ನಿಲ್ಲಿಸಿಲ್ಲ!

ಕೆಟ್ಟ ಪಾತ್ರವನ್ನು ಮೆಚ್ಚುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ 'ಮನೆಯವರಿಗಾಗಿ' ಎಂಬ ನೆಪಕ್ಕೆ ಗಂಡಸಿನ ಕ್ರೌರ್ಯವನ್ನು ಪರದೆಯ ಮೇಲೆ ಮನ್ನಿಸಿದ ನಾವು, ನೆರೆಮನೆಯಲ್ಲಿ ಅದೇ ನೆಪ ಕೇಳಿಬಂದಾಗ ಯಾರ ಪರ ನಿಲ್ಲುವೆವು?